ದಣಿವಿನ ಹಮಾಲರು

ದಣಿವನ್ನು ಒಬ್ಬರ ಮೈಯಿಂದ ಬಿಚ್ಚಿ ಇನ್ನೊಬ್ಬರ ಮೈಗೆ ಕಟ್ಟಬಹುದು ಎಂದು ಮೊದಲ ಸಲ ಕೇಳಿದಾಗ ಮಂಡಿಪೇಟೆಯ ಹಮಾಲರಾದ ನಾವೆಲ್ಲ ನಕ್ಕುಬಿಟ್ಟೆವು. ಮೂಟೆಯನ್ನು ಒಂದು ಬೆನ್ನಿನಿಂದ ಇನ್ನೊಂದು ಬೆನ್ನಿಗೆ ದಾಟಿಸುವುದು ನಮಗೆ ಗೊತ್ತಿತ್ತು. ಆದರೆ ಮೂಟೆ ಇಳಿಸಿದ ಮೇಲೂ ಮೈಯಲ್ಲಿ ಏನೋ ಉಳಿಯುತ್ತದಲ್ಲ, ಉಣ್ಣಲು ಕೂತರೆ ತುತ್ತನ್ನು ಬಾಯಿಯವರೆಗೆ ಎತ್ತಲು ಬಿಡುವುದಿಲ್ಲವಲ್ಲ, ಅದನ್ನು ದಾಟಿಸುವುದು ಹೇಗೆ? ಎಲ್ಲಿ ಹಿಡಿದು ಎತ್ತುವುದು?

ಕುತ್ತಿಗೆಯ ಹಿಂಭಾಗದಲ್ಲಿ ಹಿಡಿದು ಎತ್ತಬೇಕಂತೆ. ಅದು ಆಮೇಲೆ ಗೊತ್ತಾಯಿತು.

ನಾನು ದುರುಗಪ್ಪ. ಸ್ಲೇಟು ಒಡೆದ ದಿನವೇ ನನ್ನ ಶಾಲೆ ಮುಗಿಯಿತು. ಅಲ್ಲಿಂದಾಚೆ ದಾವಣಗೆರೆಯ ಮಂಡಿಪೇಟೆಯಲ್ಲಿ ಮೂಟೆ ಹೊತ್ತೆ. ಓದು ಇಲ್ಲದವನಿಗೆ ನೆನಪೇ ಚೀಲ, ಸಿಕ್ಕಿದ್ದನ್ನೆಲ್ಲ ಅದರಲ್ಲೇ ತುಂಬಿಕೊಳ್ಳಬೇಕು. ನಮ್ಮಪ್ಪ ಕಾಟನ್ ಮಿಲ್ಲಿನಲ್ಲಿದ್ದ. ಆಗ ಜನ ಕೆಂಪು ಬಾವುಟ ಹಿಡಿದು ‘ಧಣಿಗಳು ಕಳ್ಳರು’ ಎಂದು ಬೀದಿ ತುಂಬ ಕೂಗುತ್ತಿದ್ದರು. ಅಪ್ಪನ ಹೆಗಲ ಮೇಲೆ ಕೂತು ನಾನೂ ಕೂಗಿದ್ದೇನೆ. ಮಿಲ್ಲುಗಳು ಮುಚ್ಚಿದವು. ಅದೇ ಜನ ಅದೇ ಬೀದಿಯಲ್ಲಿ ‘ಧಣಿ ಇದ್ದರೆ ತಾನೆ ದುಡಿಮೆ, ಅವರನ್ನು ಬೈದು ನಾವು ಕೆಟ್ಟೆವು’ ಎಂದರು. ಇನ್ನೂ ಸ್ವಲ್ಪ ಕಾಲಕ್ಕೆ ಧಣಿಗಳ ಫೋಟೋ ದೇವರ ಫೋಟೋದ ಪಕ್ಕಕ್ಕೆ ಬಂತು. ಒಂದೇ ಜನ್ಮದಲ್ಲಿ ಇಷ್ಟನ್ನು ನೋಡಿದವನು ಇನ್ನು ಯಾವುದಕ್ಕೂ ಬೆಚ್ಚುವುದಿಲ್ಲ ಎಂದುಕೊಂಡಿದ್ದೆ. ಆ ನಂಬಿಕೆ ಹೇಗೆ ಹೋಯಿತು ಎನ್ನುವುದನ್ನು ಹೇಳುತ್ತೇನೆ.

ಮೊದಲು ಮಂಡಿಪೇಟೆಯ ಒಂದು ರೂಢಿ ಹೇಳಬೇಕು. ಮೂಟೆ ಹೊತ್ತವನು ‘ನಾನು ದಣಿದೆ’ ಎಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೇಳಿದವನಿಗೆ ನಾಳೆ ಕೆಲಸವಿಲ್ಲ. ಅದಕ್ಕೆ, ತೊಡೆ ನಡುಗಲು ಶುರುವಾದಾಗ ಅವನು ಯಜಮಾನರ ಗಾದಿಯ ಕಡೆ ತಿರುಗಿ ‘ದಣೀ...’ ಎಂದು ಉದ್ದಕ್ಕೆ ಕೂಗುತ್ತಿದ್ದ. ಧಣಿಯನ್ನು ಕರೆದ ಹಾಗೂ ಆಯಿತು, ದಣಿವನ್ನು ಹೇಳಿಕೊಂಡ ಹಾಗೂ ಆಯಿತು. ನಮ್ಮ ಬಾಯಲ್ಲಿ ಎರಡೂ ಒಂದೇ. ಒಬ್ಬ ಕೂಗಿದ ಕೂಡಲೇ ಸಾಲಿನಲ್ಲಿದ್ದವರೆಲ್ಲ ಕೂಗಬೇಕು. ಮೊದಲು ಸೋತವನು ಯಾರೆಂದು ಗಾದಿಯ ಮೇಲಿದ್ದವರಿಗೆ ತಿಳಿಯಬಾರದು, ಅದಕ್ಕೆ. ಆಗ ಮುದಿ ಯಜಮಾನರು ‘ಹೂಂ, ಬೀಡಿ ಸೇದ್ರಪ್ಪಾ’ ಎನ್ನುತ್ತಿದ್ದರು. ಅವರ ಪಕ್ಕ ಕೂತ ಪುಟ್ಟ ಮಗ ಉಮಾಪತಿ ನಮ್ಮ ಕೂಗನ್ನು ಅಣಕಿಸಿ ನಗುತ್ತಿದ್ದ.

ಆ ಉಮಾಪತಿಯೇ ಬೆಳೆದು ದೊಡ್ಡವರಾಗಿ ದಣಿವು ದಾಟಿಸುವ ‘ಹಗುರ’ ಕಂಪನಿ ತೆರೆದರು. ಅಷ್ಟರಲ್ಲಿ ಮೂಟೆ ಎತ್ತಲು ಕಬ್ಬಿಣದ ಕೈಗಳು ಬಂದು ಹಮಾಲರೆಲ್ಲ ಮನೆ ಸೇರಿದ್ದರು. ಉಮಾಪತಿಯವರು ಹಳೆಯ ಹಮಾಲರ ಮನೆಗಳಿಗೇ ಹೇಳಿಕಳಿಸಿದರು. ಹೆಂಗಸರು, ಗಂಡಸರು, ಮೈ ಗಟ್ಟಿ ಇದ್ದವರೆಲ್ಲ ಹೋದರು. ನನ್ನ ಮಗಳು ಕೆಂಚಮ್ಮನೂ ಹೋದಳು. ಗಂಡ ತೀರಿಕೊಂಡ ಮೇಲೆ ಅವಳು ತನ್ನ ಮಗ ಮಾಲತೇಶನನ್ನು ಕರೆದುಕೊಂಡು ನನ್ನ ಮನೆಯಲ್ಲೇ ಇದ್ದಳು. ನನ್ನ ಮೊಣಕಾಲು ಮುಗಿದಿದ್ದರಿಂದ ನನಗೆ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಚಹಾ ಕೊಡುವ ಕೆಲಸ ಕೊಟ್ಟರು.

ಅಲ್ಲಿ ಗೋಡೆಯಷ್ಟು ದೊಡ್ಡ ಪರದೆ. ಪರದೆಯ ಮೇಲೆ ನಮ್ಮೂರು, ಊರ ತುಂಬ ಚುಕ್ಕಿ. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡವರು ಒಬ್ಬೊಬ್ಬರೂ ಒಂದೊಂದು ಚುಕ್ಕಿ. ಅದನ್ನು ನೋಡಿಕೊಳ್ಳುತ್ತಿದ್ದವಳು ವಾರಿಜಾ ಎಂಬ ಎಂಜಿನಿಯರ್ ಹುಡುಗಿ, ಮೈಸೂರಿನ ಕಡೆಯವಳು. ಚಹಾ ಕುಡಿಯುತ್ತಾ ಒಂದು ದಿನ ಅವಳೇ ವಿವರಿಸಿದಳು.

“ದಣಿವು ಅಂದ್ರೇನು ತಾತ? ಮೈ ಮಿದುಳಿಗೆ ಹೇಳೋ ದೂರು. ಈ ಪಟ್ಟಿ ಆ ದೂರನ್ನ ಕುತ್ತಿಗೆ ಹತ್ರ, ದಾರಿಯಲ್ಲೇ ಹಿಡ್ಕೊಳ್ಳುತ್ತೆ.”

“ಹಿಡಕೊಂಡು ಹರದು ಒಗೆಯಾಕ ಬರಂಗಿಲ್ಲೇನವ್ವಾ?”

“ಅದೊಂದು ಆಗಲ್ಲ. ಎಷ್ಟೋ ಜನ ತಲೆ ಚಚ್ಚಿಕೊಂಡ್ರು. ಯಾವುದಾದ್ರೂ ಒಂದು ಮೈ ಆ ದೂರು ಕೇಳಿಸಿಕೊಳ್ಳಲೇಬೇಕು. ಇಲ್ದಿದ್ರೆ ಹೊರಟ ಮೈಗೇ ವಾಪಸ್ ಹೋಗುತ್ತೆ. ಅದಕ್ಕೇ ಹಾಲ್‌ನಲ್ಲಿ ಮಲಗಿದಾರಲ್ಲ, ನಮ್ಮ ವಿಶ್ರಾಂತಿ ಮಿತ್ರರು.”

“ನನ್ನ ಮಗಳೂ ಅದಾಳ ಅಲ್ಲಿ. ಅವರ ಪಟ್ಟಿ ಬ್ಯಾರೇನಾ?”

“ಎಲ್ಲಾ ಒಂದೇ ಪಟ್ಟಿ ತಾತ. ಕೊಡೋದಕ್ಕೂ ಅದೇ, ತಗೊಳ್ಳೋದಕ್ಕೂ ಅದೇ. ಹೆಸರಿನ ಮುಂದೆ ಬಾಣ ಯಾವ ಕಡೆ ತಿರುಗಿದೆ ಅನ್ನೋದಷ್ಟೇ ವ್ಯತ್ಯಾಸ.” ಪರದೆಯ ನಡುವೆ ಬಂಗಾರದ ಬಣ್ಣದ ಒಂದು ಚುಕ್ಕಿ ತೋರಿಸಿ ನಕ್ಕಳು. “ಇದು ಉಮಾಪತಿ ಸರ್‌ದು. ಊರವರು ಕರೆಯೋ ಹಾಗೇ ಹೆಸರಿಟ್ಟಿದೀನಿ, ಧಣಿ ಅಂತ. ಈ ಪಟ್ಟಿ ಏನು ಹೇಳಿದ್ರೂ ಊರಿನ ಎಲ್ಲಾ ಪಟ್ಟಿಗಳೂ ಕೇಳ್ತವೆ.”

ವಿಶ್ರಾಂತಿ ಮಿತ್ರರು ಎನ್ನುವುದು ಕಂಪನಿಯ ಮಾತು. ಊರಿನಲ್ಲಿ ದಣಿವಿನ ಹಮಾಲರು ಎನ್ನುತ್ತಿದ್ದರು. ಅವರ ಹಾಲ್‌ಗೆ ಚಹಾ ಹೋಗುತ್ತಿರಲಿಲ್ಲ, ನಾನೂ ಹೋಗುತ್ತಿರಲಿಲ್ಲ. ಮಲಗಿದವರ ಕೈ ಏಳದ ಕಾರಣ ಅಲ್ಲಿನ ಯಂತ್ರಕ್ಕೆ ಬಾಯಿಮಾತು ಕೇಳುವ ಕಿವಿ ಇತ್ತಂತೆ. ನಮ್ಮೂರಿನವರ ಮಾತನ್ನೇ ಕೇಳಿಸಿ ಕಲಿಸಿದ ಕಿವಿ; ‘ದ’ ಎಂದರೂ ‘ಧ’ ಎಂದರೂ ಅದಕ್ಕೆ ಒಂದೇ. ಹೊರಲಾರದವರು ಬೇರೊಬ್ಬರ ಹೆಸರು ಹೇಳಿದರೆ ಯಂತ್ರ ‘ಅವರಿಗೆ ಕಳಿಸಲೇ?’ ಎಂದು ಕೇಳಿ ಆ ಹೊರೆಯನ್ನು ಅವರಿಗೆ ದಾಟಿಸುತ್ತಿತ್ತು. ಪೂರ್ತಿ ನಿಲ್ಲಿಸಿ ಹೊರೆಯನ್ನು ಬಂದ ಮೈಗೇ ಹಿಂದಿರುಗಿಸಬೇಕಿದ್ದರೆ ‘ದಣಿದೆ’ ಎನ್ನಬೇಕು, ಸರ್ಕಾರದ ನಿಯಮ. ‘ದಣಿದೆ’ ಎಂದವರಿಗೆ ಮಾರನೇ ದಿನ ಮಂಚ ಇರುತ್ತಿರಲಿಲ್ಲ. ಅದು ಕಂಪನಿಯ ನಿಯಮ.

ನಮ್ಮ ಓಣಿಯ ಖಾಸಿಂಬಿಯದು ಕೆಂಚಮ್ಮನ ಪಕ್ಕದ ಮಂಚ. ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಹಾಸ್ಯ ಮಾಡುತ್ತಿದ್ದಳು.

“ದುರುಗಣ್ಣಾ, ನಿನ್ನ ಮಗಳಿಗೆ ಹೇಳು. ಎದ್ದು ಒಂದಕ್ಕ ಹೋಗಬೇಕಾದ್ರ ನನ್ನ ಹೆಸರು ಕೂಗಿ ನನ್ನ ಮ್ಯಾಲೆ ಹೇರಿ ಹೊಕ್ಕಾಳ. ನಿನ್ನೆ ಯಾವನೋ ಗುಡ್ಡ ಹತ್ತಿದ್ನಂತ, ನನ್ನ ತೊಡಿ ಬಿದ್ದು ಹೋದುವು!”

ಅದು ನಿಜವೇ. ಜನ ಉಚ್ಚಂಗಿ ಗುಡ್ಡ ಹತ್ತಿದ ದಣಿವನ್ನೂ ಕಳಿಸುತ್ತಿದ್ದರು. ಪುಣ್ಯ ಮಾತ್ರ ತಾವೇ ಇಟ್ಟುಕೊಳ್ಳುತ್ತಿದ್ದರು. ಮೇಷ್ಟರು ಪಾಠ ಮಾಡಿದ ದಣಿವು, ಸೊಸೆಯಂದಿರು ರೊಟ್ಟಿ ಬಡಿದ ದಣಿವು, ಬಟ್ಟೆ ಅಂಗಡಿಯ ಹುಡುಗಿಯರು ನಿಂತೇ ಇದ್ದ ದಣಿವು, ಎಲ್ಲ ಆ ಹಾಲ್‌ಗೆ. ಊರಿನವರೆಲ್ಲ ತಲೆಗೊಂದಿಷ್ಟು ಧಣಿಗಳಾಗಿದ್ದರು. ಹಿಂದೆ ಕೆಂಪು ಬಾವುಟ ಹಿಡಿದವರ ಮೊಮ್ಮಕ್ಕಳೇ ಚಹಾದಂಗಡಿಯಲ್ಲಿ ನನಗೆ ತಿಳಿಹೇಳುತ್ತಿದ್ದರು: “ಕೊಡೋರು ಇಷ್ಟಪಟ್ಟು ಕೊಡ್ತಾರ, ತಗೊಳ್ಳೋರು ಇಷ್ಟಪಟ್ಟು ತಗೊಳ್ತಾರ. ಇದರಾಗ ತಪ್ಪೇನೈತಜ್ಜಾ? ನಿನ್ನ ಮಗಳು ಮಲಕ್ಕೊಂಡು ಸಂಬಳ ಎಣಸ್ತಾಳ!” ತಪ್ಪು ಎಲ್ಲಿದೆ ಎಂದು ನನಗೂ ತೋರುತ್ತಿರಲಿಲ್ಲ. ಯಾರೂ ಯಾರನ್ನೂ ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ.

ನನ್ನ ಮೊಮ್ಮಗ ಮಾಲತೇಶ ಗಾಡಿಯ ಮೇಲೆ ಮನೆಮನೆಗೆ ಸಾಮಾನು ಮುಟ್ಟಿಸುವ ಕೆಲಸದಲ್ಲಿದ್ದ. ಅಮ್ಮನನ್ನು ಆ ಮಂಚದಿಂದ ಬಿಡಿಸಬೇಕು ಎನ್ನುವುದು ಅವನ ಹಟ. ಮಗ ಗಾಡಿ ಬಿಟ್ಟು ಒಂದು ಕಡೆ ಕೂತು ಮಾಡುವ ಕೆಲಸ ಕಲಿಯಬೇಕು ಎನ್ನುವುದು ಅವಳ ಹಟ. ಇಬ್ಬರೂ ಇನ್ನೊಬ್ಬರಿಗಾಗಿ ಹೆಚ್ಚು ಹೆಚ್ಚು ದುಡಿಯುತ್ತಿದ್ದರು.

ಒಂದು ಸಂಜೆ ಕೆಂಚಮ್ಮ ಬಂದವಳೇ ಹೊಸ್ತಿಲ ಮೇಲೆ ಕುಸಿದು ಕೂತು ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಏನಾತವ್ವಾ?”

“ಎಡಗಾಲ ಹಿಮ್ಮಡ, ಅಪ್ಪಾ. ಸೀಳಿದಂಗ ಆಗಾಕತ್ತೈತಿ.”

ಹರಳೆಣ್ಣೆ ತಂದು ಕಾಲು ನೋಡಿದೆ. ಹಿಮ್ಮಡಿ ನುಣ್ಣಗಿತ್ತು. ಉಳುಕಿಲ್ಲ, ಊತವಿಲ್ಲ, ಮುಳ್ಳಿಲ್ಲ.

“ಇಲ್ಲೇನೂ ಇಲ್ಲಲ್ಲವ್ವಾ.”

“ಇಲ್ಲ,” ಎಂದಳು. ನನ್ನ ಮುಖ ನೋಡಲಿಲ್ಲ. “ಅದು ನನ್ನ ಹಿಮ್ಮಡ ಅಲ್ಲ.”

ನನಗೆ ಆ ಮಾತು ಹಿಡಿಯಲಿಲ್ಲ. ಅಷ್ಟರಲ್ಲಿ ಹೊರಗೆ ಗಾಡಿ ನಿಂತಿತು. ಮಾಲತೇಶ ಶಿಳ್ಳೆ ಹಾಕುತ್ತ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಒಳಗೆ ಬಂದ. “ಏನಜ್ಜಾ, ಮಂಡಕ್ಕಿ ಮೆಣಸಿನಕಾಯಿ ತಂದೀನಿ, ಹಲ್ಲು ಅದಾವೋ ಇಲ್ಲೋ?” ಎಂದು ನಕ್ಕು ಹಿತ್ತಲಿಗೆ ಹೋದ.

ನಾನು ಅವನ ಕಾಲನ್ನೇ ನೋಡಿದೆ. ಎಣ್ಣೆಯ ಬಟ್ಟಲು ಕೈಯಲ್ಲಿ ಹಾಗೇ ಉಳಿಯಿತು.

ಚಿಕ್ಕವನಿದ್ದಾಗ ಅವರಪ್ಪನ ಸೈಕಲ್ ಹಿಂದೆ ಕೂತು ಹೋಗುವಾಗ ಅವನ ಎಡಗಾಲು ಚಕ್ರಕ್ಕೆ ಸಿಕ್ಕಿ ಹಿಮ್ಮಡಿ ಸೀಳಿತ್ತು. ಗಾಯ ಮಾಯಿತು. ಆದರೆ ಆಡಿ ಓಡಿ ದಣಿದಾಗಲೆಲ್ಲ ದಣಿವು ಮೊದಲು ಅಲ್ಲಿಗೇ ಇಳಿಯುತ್ತಿತ್ತು. ಎಡಗಾಲ ತುದಿಬೆರಳ ಮೇಲೆ ಕುಂಟುತ್ತ ಮನೆಗೆ ಬರುತ್ತಿದ್ದ. ಕೆಂಚಮ್ಮ ಆ ಹಿಮ್ಮಡಿಯನ್ನು ಮಡಿಲಲ್ಲಿಟ್ಟುಕೊಂಡು ಹರಳೆಣ್ಣೆ ತಿಕ್ಕುತ್ತಿದ್ದಳು. ದೊಡ್ಡವನಾದ ಮೇಲೂ ಗಾಡಿ ಓಡಿಸಿ ಬಂದ ದಿನ ಕುಂಟುತ್ತಲೇ ಬರುತ್ತಿದ್ದ.

ಈಗ ಕುಂಟಲಿಲ್ಲ. ಕುಂಟದೆ ಎಷ್ಟು ದಿನವಾಯಿತು? ನಾನು ಗಮನಿಸಿಯೇ ಇರಲಿಲ್ಲ. ಹಿತ್ತಲಲ್ಲಿ ಮುಖ ತೊಳೆಯಲು ಬಗ್ಗಿದಾಗ ಅಂಗಿಯ ಕಾಲರ್ ಕೆಳಗೆ ಪಟ್ಟಿ ಮಿಣುಕಿತು.

ಅವನು ಹಗಲೂ ಸಂಜೆಯೂ ಗಾಡಿ ಓಡಿಸಲು ಪಟ್ಟಿ ಕಟ್ಟಿಕೊಂಡಿದ್ದ, ಅಮ್ಮನನ್ನು ಮಂಚದಿಂದ ಬಿಡಿಸಲು. ಅವನ ದಣಿವು ಊರೆಲ್ಲ ಬಿಟ್ಟು ಅಮ್ಮನ ಮಂಚಕ್ಕೇ ಬರುತ್ತಿತ್ತು. ತಾಯಿ ಮಗ ಇಬ್ಬರ ನಡುವೆ ಕಂಪನಿ ಕೂತು ಎರಡೂ ಕಡೆಯಿಂದ ತನ್ನ ಪಾಲು ತೆಗೆದುಕೊಳ್ಳುತ್ತಿತ್ತು.

“ನಿಂಗ ಯಾವಾಗ ಗೊತ್ತಾತು?” ಎಂದು ಕೇಳಿದೆ.

“ಮೊದಲನೇ ದಿನಾನ. ಆ ಹಿಮ್ಮಡ ನಂಗ ಗೊತ್ತಿಲ್ಲೇನಪ್ಪಾ? ಎಷ್ಟು ವರ್ಷ ತಿಕ್ಕೀನಿ.”

“ಹುಡುಗಗ ಹೇಳಬೇಕು, ಈಗಿಂದೀಗ...”

ಅವಳು ನನ್ನ ಮಣಿಕಟ್ಟು ಹಿಡಿದಳು. “ನಿನ್ನ ಕಾಲಿಗೆ ಬೀಳ್ತೀನಿ, ಹೇಳಬ್ಯಾಡ. ಹೇಳಿದ್ರ ನಾಚಿಕಿಂದ ಸಾಯ್ತಾನ. ಯಾರ್ಯಾರ್ದೋ ಗುಡ್ಡ ಹತ್ತಿದ್ದು ಹೊರ್ತೀನಿ, ನನ್ನ ಮಗಂದು ಹೊರಬಾರದಾ? ನಾ ಕೆಲಸ ಬಿಟ್ರ ಅದು ಮತ್ತೊಬ್ಬಾಕಿ ಮ್ಯಾಲೆ ಬೀಳ್ತೈತಿ. ಆಕಿಗೆ ಈ ಹಿಮ್ಮಡ ಹೆಂಗ ಹಿಡೀಬೇಕು ಅಂತ ಗೊತ್ತೈತಾ?”

ನಾನು ಅವಳ ಗಾಯವಿಲ್ಲದ ಹಿಮ್ಮಡಿಗೆ ಎಣ್ಣೆ ತಿಕ್ಕಿದೆ.

ದೀಪಾವಳಿ ಹತ್ತಿರ ಬಂತು. ರಿಯಾಯಿತಿಯ ಮಾರಾಟ, ಊರ ತುಂಬ ಗಾಡಿಗಳ ಓಟ. ಮಾರಾಟ ಶುರುವಾದ ದಿನವೇ ‘ಹಗುರ’ದ ಹೊಸ ಕಟ್ಟಡದ ಉದ್ಘಾಟನೆ. ದೊಡ್ಡ ದೊಡ್ಡ ಪರದೆಗಳಲ್ಲಿ ಉಮಾಪತಿಯವರ ಭಾಷಣ ಊರಿಗೆಲ್ಲ ಕಾಣುವ ಏರ್ಪಾಡಾಗಿತ್ತು.

ನಾನು ಚಹಾ ಹಿಡಿದು ಹೋದಾಗ ವಾರಿಜಾ ಲೋಟ ತೆಗೆದುಕೊಳ್ಳಲೇ ಇಲ್ಲ. ಪರದೆಯ ಮೂಲೆಯ ಒಂದು ಕೆಂಪು ಚುಕ್ಕಿಗೆ ಕಣ್ಣು ನೆಟ್ಟು ಕೂತಿದ್ದಳು.

“ತಾತ, ನಿಮ್ಮ ಮಗಳು ಅಂದ್ರಲ್ಲ... ಕೆಂಚಮ್ಮ ತಾನೇ? ಅವರ ಎದೆಬಡಿತ ನೋಡಿ. ಇವತ್ತು ಬರ್ತಾ ಇರೋ ಹೊರೆ ಹೀಗೇ ಮುಂದುವರಿದ್ರೆ ಸಂಜೆ ಒಳಗೆ ಹೃದಯ ನಿಂತುಹೋಗುತ್ತೆ.”

“ನಿಲ್ಲಸವ್ವಾ ಮತ್ತ!”

“ನನ್ನ ಕೈಯಲ್ಲಿಲ್ಲ ತಾತ. ಇಲ್ಲಿಂದ ನಿಲ್ಲಿಸೋ ಗುಂಡಿಯನ್ನೇ ಕೊಟ್ಟಿಲ್ಲ. ಮೇಲಿನವರಿಗೆ ಹೇಳ್ದೆ, ‘ಅವರಾಗಿ ಹೇಳದೆ ನಿಲ್ಲಿಸೋಕೆ ನಾವ್ಯಾರು, ಅದು ಅವರ ಸ್ವಾತಂತ್ರ್ಯ’ ಅಂದ್ರು.” ಅವಳ ಕಣ್ಣು ತುಂಬಿತ್ತು. ಕೊರಳಿಗೆ ಹಾಕಿಕೊಂಡಿದ್ದ ಬಾಗಿಲಿನ ಕಾರ್ಡು ತೆಗೆದು ನನ್ನ ಕೈಯಲ್ಲಿ ತುರುಕಿದಳು. “ನೀವೇ ಒಳಗೆ ಹೋಗಿ. ಒಂದೇ ಮಾತು, ‘ದಣಿದೆ’ ಅನ್ನೋಕೆ ಹೇಳಿ. ಓಡಿ.”

ಕಾರ್ಡು ತೋರಿಸಿದ್ದಕ್ಕೆ ಬಾಗಿಲು ತಾನಾಗಿ ತೆರೆಯಿತು. ಒಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ.

ಕಣ್ಣು ಹಾಯುವವರೆಗೂ ಮಂಚಗಳ ಸಾಲು. ಯಾರೂ ಏನೂ ಮಾಡುತ್ತಿರಲಿಲ್ಲ. ಆದರೆ ಎಲ್ಲರ ಕಾಲುಗಳೂ ಮಂಚದ ಮೇಲೇ ನಡೆಯುತ್ತಿದ್ದವು. ಒಬ್ಬಳ ಅಂಗೈ ಗಾಳಿಯಲ್ಲಿ ರೊಟ್ಟಿ ಬಡಿಯುತ್ತಿತ್ತು. ನನ್ನ ಜೊತೆ ಮೂಟೆ ಹೊತ್ತಿದ್ದ ಹಾಲೇಶಿ ಕಣ್ಣು ಮುಚ್ಚಿಕೊಂಡು ಪಾಠ ಒಪ್ಪಿಸುವವನಂತೆ ತುಟಿ ಅಲ್ಲಾಡಿಸುತ್ತಿದ್ದ. ಯಾವ ಮೇಷ್ಟರ ದಣಿವೋ. ಮಂಡಿಪೇಟೆಯ ನಡುಹಗಲಿನ ಬೆವರಿನ ವಾಸನೆಯೇ ಅಲ್ಲಿ ತುಂಬಿತ್ತು. ಮೂಟೆ ಮಾತ್ರ ಒಂದೂ ಇರಲಿಲ್ಲ. ಇಷ್ಟು ದಿನ ಇದೇ ಗೋಡೆಯ ಆಚೆ ನಿಂತು ನಾನು ಚಹಾಕ್ಕೆ ಸಕ್ಕರೆ ಕದಡುತ್ತಿದ್ದೆ.

ಕೆಂಚಮ್ಮನ ಮುಖ ಬೂದಿಯಂತಾಗಿತ್ತು. ಎಡಗಾಲು ತುದಿಬೆರಳಿನ ಮೇಲೆ ಸೆಟೆದು ಥರಥರ ನಡುಗುತ್ತಿತ್ತು.

“ಕೆಂಚಿ, ದಣಿದೆ ಅನ್ನವ್ವಾ. ಒಂದು ಮಾತು.”

ಅವಳು ತಲೆ ಅಲ್ಲಾಡಿಸಿದಳು. “ಈಗ ಅಂದ್ರ... ಅವಂಗ ವಾಪಸ್ ಹೊಕ್ಕೈತಿ... ಹಬ್ಬದ ಗದ್ದಲದಾಗ ಗಾಡಿ ಮ್ಯಾಲದಾನಪ್ಪಾ...”

“ನೀ ಸಾಯ್ತೀ!”

ಅವಳು ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು. ಪಕ್ಕದ ಮಂಚದಿಂದ ಖಾಸಿಂಬಿ ಏದುಸಿರಿನಲ್ಲಿ ಹೇಳಿದಳು: “ನನ್ನ ಮ್ಯಾಲೆ ಹಾಕು ಅಂದೆ, ದುರುಗಣ್ಣಾ. ನಾನೂ ಸಾಯ್ತೀನಂತ ಇವತ್ತು ಒಲ್ಲೆ ಅಂತಾಳ.”

ಏನು ಮಾಡಲಿ? ಎದುರಿಗೆ ನನ್ನ ಮಗಳು ಹೊರಲಾರದ ಹೊರೆಯ ಕೆಳಗೆ ಸಿಕ್ಕಿದ್ದಳು. ಅದು ಮೂಟೆಯಾಗಿದ್ದರೆ ಹೆಗಲು ಕೊಡುತ್ತಿದ್ದೆ. ಕೈ ಬರಿದಾಗಿತ್ತು. ಬಾಯಿ ತಾನಾಗಿಯೇ ತೆರೆಯಿತು. ಯಾವತ್ತೋ ಮರೆತಿದ್ದ ಕೂಗು ಹೊಟ್ಟೆಯಿಂದ ಬಂತು.

“ದಣೀ...!”

ಹಾಲೇಶಿ ಕಣ್ಣು ಬಿಟ್ಟ. ಅವನೂ ಕೂಗಿದ. ಅವನ ಆಚೆಯವನು ಕೂಗಿದ. ಅಲ್ಲಿದ್ದವರೆಲ್ಲ ಹಮಾಲರ ಮನೆಯವರು. ಒಬ್ಬ ಕೂಗಿದರೆ ಸಾಲೆಲ್ಲ ಕೂಗಬೇಕೆಂದು ಹಾಲು ಕುಡಿಯುವಾಗಲೇ ಕೇಳಿ ಬೆಳೆದವರು. ಖಾಸಿಂಬಿ ಕೂಗಿದಳು. ಮಂಚದಿಂದ ಮಂಚಕ್ಕೆ ಕೂಗು ಹಾದು ಹಾಲ್‌ನ ಆ ತುದಿ ಮುಟ್ಟಿತು. ಕೊನೆಗೆ ಕೆಂಚಮ್ಮನ ತುಟಿಯೂ ಅಲ್ಲಾಡಿತು: “ದಣೀ...”

ಮೇಲಿನಿಂದ ಯಂತ್ರದ ಹೆಣ್ಣು ದನಿ ಮೃದುವಾಗಿ ಕೇಳಿತು: “ಧಣಿಗೆ ಕಳಿಸಲೇ?”

ಧಣಿಗೆ ಹೇಳಿಕಳಿಸಲೇ ಎಂದು ಕೇಳುತ್ತಿದೆ ಅಂತಲೇ ನಾವು ತಿಳಿದೆವು, ದೇವರಾಣೆಗೂ. “ಕಳಸವ್ವಾ, ಕಳಸು!” ಎಂದಳು ಖಾಸಿಂಬಿ. “ಹೂಂ, ಕಳಸು” ಎಂದರು ಎಲ್ಲರೂ.

ನಡೆಯುತ್ತಿದ್ದ ಕಾಲುಗಳು ನಿಂತವು. ರೊಟ್ಟಿ ಬಡಿಯುತ್ತಿದ್ದ ಅಂಗೈ ಮಂಚದ ಮೇಲೆ ಬಿತ್ತು. ಕೆಂಚಮ್ಮನ ಎಡಗಾಲು ಸಡಿಲವಾಗಿ ಹಿಮ್ಮಡಿ ಹಾಸಿಗೆಗೆ ತಾಗಿತು. ಅವಳು ಉದ್ದಕ್ಕೆ ಉಸಿರೆಳೆದುಕೊಂಡಳು.

ಹಾಲ್‌ನ ಗೋಡೆಯ ಮೇಲೂ ಒಂದು ಪರದೆ ಇತ್ತು. ಅದರಲ್ಲಿ ಉಮಾಪತಿಯ‌ವರು ವೇದಿಕೆಯ ಮೇಲೆ, ಕುತ್ತಿಗೆಯ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ತೋರಿಸುತ್ತ ಮಾತನಾಡುತ್ತಿದ್ದರು. “ತಂದೆಯವರ ಮಂಡಿಯಲ್ಲಿ ಜನ ಬಳಲುವುದನ್ನು ನೋಡುತ್ತಲೇ ನಾನು ಬೆಳೆದೆ. ಇನ್ನು ಮುಂದೆ ಈ ಊರಿನಲ್ಲಿ ಯಾರೂ...”

ಮಾತು ಅಲ್ಲಿಗೇ ನಿಂತಿತು. ಅವರು ಮೊದಲು ಹಿಂದೆ ತಿರುಗಿ ನೋಡಿದರು, ಯಾರೋ ಹೆಗಲ ಮೇಲೆ ಕೈ ಹಾಕಿದರೇನೋ ಎಂಬಂತೆ. ಆಮೇಲೆ ಅವರ ಬೆನ್ನು ಬಾಗಿತು. ಅಂಗೈ ಎರಡು ಸಲ ಗಾಳಿಯಲ್ಲಿ ಬಡಿಯಿತು. ಎಡಗಾಲಿನ ಹಿಮ್ಮಡಿ ನೆಲ ಬಿಟ್ಟು ಮೇಲೆದ್ದಿತು. ಇಡೀ ಊರು ನೋಡುತ್ತಿರುವಾಗ ಅವರು ತುದಿಬೆರಳ ಮೇಲೆ ಕುಂಟುತ್ತ ಒಂದು ಹೆಜ್ಜೆ ಇಟ್ಟರು.

ನನ್ನ ಮೊಮ್ಮಗನ ಕುಂಟು. ಅದನ್ನು ಅವರ ಕಾಲಿನಲ್ಲಿ ಕಂಡಾಗ ನನಗೆ ಸಂತೋಷವಾಗಲಿಲ್ಲ. ಬೆಚ್ಚಿಬಿದ್ದೆ. ಗಾದಿಯ ಮೇಲೆ ಕೂತು ನಗುತ್ತಿದ್ದ ಹುಡುಗನ ಮುಖವೇ ಅದು. ಈಗ ಯಾರಾದರೂ ಹೊರೆ ಇಳಿಸಿಕೊಳ್ಳಲು ಬರುತ್ತಾರೇನೋ ಎಂದು ಸುತ್ತ ನೋಡುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ದೊಡ್ಡವರು ಒಬ್ಬರೂ ಏಳಲಿಲ್ಲ. ಏನೋ ಪ್ರದರ್ಶನ ಎಂದುಕೊಂಡು ಕೆಲವರು ಚಪ್ಪಾಳೆ ತಟ್ಟಿದರು.

ಅವರು ಮೈಕು ಹಿಡಿದುಕೊಂಡೇ ಕೆಳಗೆ ಕೂತರು. “ದಣಿದೆ,” ಎಂದರು. “ಅಯ್ಯೋ... ನಾನು ದಣಿದೆ.”

ಧಣಿಯ ಪಟ್ಟಿ ಹೇಳಿದ್ದನ್ನು ಊರಿನ ಎಲ್ಲ ಪಟ್ಟಿಗಳೂ ಕೇಳಿದವು.

ವಾರಿಜಾ ಬಾಗಿಲಿಗೆ ಓಡಿ ಬಂದಳು. “ಏನು ಕೂಗಿದ್ರಿ ತಾತ? ಯಂತ್ರ ಪೂರ್ತಿ ನಿಂತುಹೋಯ್ತು. ಯಾರ ದಣಿವು ಅವರಿಗೇ ವಾಪಸ್ ಹೋಗ್ತಾ ಇದೆ!”

ಕೆಂಚಮ್ಮ ಎದ್ದು ಕೂತಳು. “ಮಾಲತೇಶ!” ಎಂದು ಚೀರಿದವಳು ಬರಿಗಾಲಲ್ಲಿ ಓಡಿದಳು.

ನನ್ನ ಮೊಣಕಾಲಿಗೆ ಆದಷ್ಟು ಬೇಗ ನಾನೂ ಹಿಂದೆ ಹೋದೆ. ಬೀದಿಗೆ ಬಂದು ನೋಡಿದೆ. ಊರಿಗೆ ಊರೇ ಕೂತುಬಿಟ್ಟಿತ್ತು. ಅಂಗಡಿಯ ಹುಡುಗಿಯರು ಸೀರೆಗಳ ರಾಶಿಯ ಮೇಲೆ ಒರಗಿದ್ದರು. ಒಬ್ಬ ಮೇಷ್ಟರು ಚರಂಡಿಯ ಕಟ್ಟೆಯ ಮೇಲೆ ಕೂತು ತಮ್ಮ ಕೈಗಳನ್ನೇ ಮೊದಲ ಸಲ ಕಂಡವರಂತೆ ನೋಡಿಕೊಳ್ಳುತ್ತಿದ್ದರು. ಗಾಡಿಗಳು ಅಡ್ಡಾದಿಡ್ಡಿ ಬಿದ್ದಿದ್ದವು. ನನ್ನ ಕೂಗು ಹುಡುಗನನ್ನು ಕೊಂದಿತೇ ಎಂದು ಪ್ರತಿ ಗಾಡಿಯ ಪಕ್ಕದಲ್ಲೂ ಬಗ್ಗಿ ನೋಡಿದೆ.

ಅವನು ಸರ್ಕಲ್ಲಿನ ಕಟ್ಟೆಯ ಮೇಲೆ, ಇನ್ನೂ ನಾಲ್ಕಾರು ಗಾಡಿ ಹುಡುಗರ ನಡುವೆ ಕೂತಿದ್ದ. ಮೊಣಕೈ ತರಚಿ ರಕ್ತ ಬರುತ್ತಿತ್ತು. ಎಡಗಾಲ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಕೆಂಚಮ್ಮ ನೆಲದ ಮೇಲೆ ಕೂತು ಆ ಕಾಲನ್ನು ಎಳೆದು ಮಡಿಲಲ್ಲಿಟ್ಟುಕೊಂಡಳು.

“ಅವ್ವಾ? ನೀ ಹೆಂಗ ಬಂದಿ? ನಿನ್ನ ಡ್ಯೂಟಿ...”

“ಬಾಯಿ ಮುಚ್ಚು. ಈ ಬದಿ ಅಲ್ಲ, ಈ ಗೆಣ್ಣಿನ ಕೆಳಗ ನೋಯ್ತೈತಿ ಅಲ್ಲಾ?”

“ನಿಂಗ ಹೆಂಗ...”

ಅವಳು ಹೆಬ್ಬೆರಳಿನಿಂದ ಒತ್ತುತ್ತಲೇ ಇದ್ದಳು. ಅವನು ಅಮ್ಮನ ಬೂದಿ ಮುಖ ನೋಡಿದ, ಕುತ್ತಿಗೆಯಲ್ಲಿ ಇನ್ನೂ ಇದ್ದ ಅವಳ ಪಟ್ಟಿಯನ್ನು ನೋಡಿದ, ತನ್ನ ಕಾಲರ್ ಮುಟ್ಟಿ ನೋಡಿಕೊಂಡ. ಅರ್ಥವಾದಾಗ ಅವನ ಬಾಯಿಂದ ಬಂದ ಸದ್ದು ಮಾತಾಗಿರಲಿಲ್ಲ. ಪಟ್ಟಿಯನ್ನು ಕಿತ್ತು ಎಸೆದು ಅಮ್ಮನ ಹೆಗಲ ಮೇಲೆ ತಲೆಯಿಟ್ಟ.

“ಅಳಬ್ಯಾಡೋ,” ಎಂದಳು. “ನಿನ್ನ ದಣಿವು ಬ್ಯಾರೆದವರ ಮನಿಗೆ ಹೋಗಿಲ್ಲಲ್ಲ.”

ಉಮಾಪತಿಯವರು ಬದುಕಿದರು. ಅವರ ಎಡಗಾಲಿನಲ್ಲಿ ಏನೂ ತೊಂದರೆ ಇಲ್ಲ ಎಂದು ಡಾಕ್ಟರರು ಹೇಳಿದರು. ಆದರೂ ಇವತ್ತಿಗೂ ಕುಂಟುತ್ತಾರಂತೆ.

‘ಹಗುರ’ದ ಗೇಟಿನ ಮುಂದೆ ಮಾರನೇ ದಿನ ಎರಡು ಗುಂಪು ಸೇರಿತು. ಒಂದು ಗುಂಪು ‘ಧಣಿಗಳು ಕಳ್ಳರು’ ಎಂದು ಕಲ್ಲು ತೂರಿತು. ಇನ್ನೊಂದು ಗುಂಪು ಸಾಲಾಗಿ ನಿಂತು ‘ಯಾವಾಗ ಮತ್ತ ಶುರು ಮಾಡ್ತೀರಿ?’ ಎಂದು ಕೇಳಿತು. ಕಲ್ಲು ತೂರಿ ಸುಸ್ತಾದವರು ಕೆಲವರು ಹೋಗಿ ಆ ಸಾಲಿನ ಕೊನೆಗೆ ನಿಂತುಕೊಂಡರು. ಅದನ್ನು ನೋಡಿ ನಾನು ಬೆಚ್ಚಲಿಲ್ಲ. ಆದರೆ ಯಾರಾದರೂ ಪಟ್ಟಿಯ ಮಾತು ತೆಗೆದರೆ ಈಗ ಚಹಾದಂಗಡಿಯಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ‘ಅದರಾಗ ತಪ್ಪೇನೈತಿ’ ಎಂಬ ಮಾತು ಮೊದಲಿನಷ್ಟು ಬೇಗ ಬರುವುದಿಲ್ಲ.

ಕಂಪನಿ ಮುಚ್ಚಿಯೇ ಇದೆ. ಬೇರೆ ಊರಿನಲ್ಲಿ ಬೇರೆ ಹೆಸರಿನಲ್ಲಿ ತೆರೆಯುತ್ತಾರೆಂದು ಸುದ್ದಿ. ನಾನೂ ಕೆಂಚಮ್ಮನೂ ಸರ್ಕಲ್ಲಿನಲ್ಲಿ ಚಹಾದ ಗಾಡಿ ಇಟ್ಟಿದ್ದೇವೆ. ಕೆಲಸ ಬಿಟ್ಟ ವಾರಿಜಾ ಊರಿಗೆ ಹೋಗುವ ಮುಂಚೆ ಒಮ್ಮೆ ಚಹಾ ಕುಡಿಯಲು ಬಂದಿದ್ದಳು. ಯುಗಾದಿಯ ರಿಯಾಯಿತಿ ಮಾರಾಟದ ದಿನ. ಗಾಡಿ ಹುಡುಗರು ಬಿಸಿಲಿನಲ್ಲಿ ಸಾಲುಗಟ್ಟಿ ನಿಂತಿದ್ದರು. ಒಬ್ಬೊಬ್ಬರ ಫೋನೂ ಕಿರುಚುತ್ತಿತ್ತು.

ಸಾಲಿನಿಂದ ಒಂದು ಕೂಗು ಎದ್ದಿತು: “ದಣೀ...”

ಕ್ಷಣ ಬಿಟ್ಟು ಪಕ್ಕದವನು ಕೂಗಿದ. ಆಮೇಲೆ ಸಾಲೆಲ್ಲ. ಗಾಡಿಗಳ ಸದ್ದು ಒಂದೊಂದಾಗಿ ಅಡಗಿತು. ಹುಡುಗರೆಲ್ಲ ಕಟ್ಟೆಯ ಮೇಲೆ ಕೂತರು. ಎದುರಿನ ಮಹಡಿಯಿಂದ ಒಬ್ಬರು ಬಗ್ಗಿ ಕೇಳಿದರು: “ಏ, ನಮ್ಮ ಸಾಮಾನು ಎಲ್ಲಪ್ಪಾ?”

“ಕುಂತೈತ್ರೀ!” ಎಂದ ಒಬ್ಬ. ಸಾಲು ನಕ್ಕಿತು. ಮಹಡಿಯವರು ಒಂದು ಕಾಲದಲ್ಲಿ ಪಟ್ಟಿ ಕಟ್ಟುತ್ತಿದ್ದ ಕುತ್ತಿಗೆಯ ಹಿಂಭಾಗ ಸವರಿಕೊಂಡು ಒಳಗೆ ಹೋದರು.

ಇವರು ಯಾರೂ ಮಂಡಿಪೇಟೆಯಲ್ಲಿ ಮೂಟೆ ಹೊತ್ತವರಲ್ಲ.

ವಾರಿಜಾ ಲೋಟ ಕೆಳಗಿಟ್ಟು ಮೆಲ್ಲಗೆ ಕೇಳಿದಳು: “ಮೊದಲು ಕೂಗಿದ್ದು ಯಾರು ತಾತ?”

ಆ ಸಾಲಿನಲ್ಲಿ ಯಾರು ಎಡಗಾಲ ತುದಿಬೆರಳ ಮೇಲೆ ನಿಂತಿದ್ದನೆಂದು ನಾನು ನೋಡಿದ್ದೆ. ಹಾಲು ಕಾಯಿಸುತ್ತಿದ್ದ ಕೆಂಚಮ್ಮನೂ ನೋಡಿದ್ದಳು. ಅವಳು ತಲೆ ಎತ್ತಲಿಲ್ಲ.

“ಸಾಲೆಲ್ಲ ಕೂಗ್ತಲ್ಲವ್ವಾ,” ಎಂದೆ. “ಯಾರಂತ ಹೇಳಾದು?”